ಎಂಆರ್‌ಎಸ್‌ಎ ಮೂಳೆ ಸೋಂಕಿಗೆ ಬಾಯಿಯ ಔಷಧ: ನನ್ನ ಅನುಭವ

ತೊಡೆಯ ಮೂಳೆಯಲ್ಲಿ ಎಂಆರ್‌ಎಸ್‌ಎ (ಮೆಥಿಸಿಲಿನ್ನಿನಂಥ ಔಷಧಗಳಿಗೆ ಬಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ) ಸೋಂಕಿ ಕೀವಾಗಿದ್ದ ನಾಲ್ಕು ವರ್ಷದ ಹುಡುಗಿಗೆ ಎಂಟನೆಯ ದಿನವೇ ರಕ್ತನಾಳಕ್ಕೆ ವ್ಯಾಂಕೊಮೈಸಿನ್ ಹನಿಸುವ ಕ್ಯಾನುಲಾ (ಸಣ್ಣ ನಳಿಕೆ) ತೆಗೆದು ಬಾಯಿಯ ಔಷಧದ ಮೇಲೆ ಮನೆಗೆ ಕಳುಹಿಸುತ್ತೇನೆ ಎಂದಾಗ, ನಮ್ಮೂರಿನ ಹಿರಿಯ ಮೂಳೆತಜ್ಞರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಆರು ವಾರ ವ್ಯಾಂಕೊಮೈಸಿನ್ ಹೋಗಲಿ ಡಾಕ್ಟ್ರೇ, ಆಮೇಲೆ ನಿಮ್ಮ ಸಿರಪ್ಪಿನ ಮಾತು” ಎಂದಿದ್ದರು. ಅದಾಗಿ ನಾಲ್ಕು ವರ್ಷ. ಹಾವೇರಿ ಜಿಲ್ಲೆಯ ನಮ್ಮ ಸಣ್ಣ ನರ್ಸಿಂಗ್ ಹೋಮಿನಿಂದ ಹೀಗೆ ಮನೆಗೆ ಹೋದ ಮಕ್ಕಳು, ನನ್ನ ನೆನಪಿನ ಲೆಕ್ಕದಲ್ಲಿ, ಮೂವತ್ತಕ್ಕೆ ಒಂದೆರಡು ಕಡಿಮೆ. ನನಗೆ ಕೈಕೊಟ್ಟ ಪ್ರಕರಣಗಳು ಮೂರು.

ಆ ಮೂಳೆತಜ್ಞರ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ನಾನು ಮುಂದಿಟ್ಟಿದ್ದ ಆಧಾರಗಳಲ್ಲಿ ಮೂಳೆ-ಕೀಲು ಸೋಂಕಿಗೆ ಬಾಯಿಯ ಔಷಧವನ್ನೂ ರಕ್ತನಾಳದ ಔಷಧವನ್ನೂ ಹೋಲಿಸಿ ನೋಡಿದ 2019ರ ಒವಿವಾ ಅಧ್ಯಯನ ಸಾವಿರಕ್ಕೂ ಹೆಚ್ಚು ರೋಗಿಗಳದ್ದಾದರೂ ಅವರೆಲ್ಲ ದೊಡ್ಡವರು. ಇಪ್ಪತ್ತು ದಿನದ ಚಿಕಿತ್ಸೆ ಸಾಕೆಂದು ತೋರಿಸಿದ ಫಿನ್‌ಲ್ಯಾಂಡಿನ ಅಧ್ಯಯನದಲ್ಲಿ ಮಕ್ಕಳಿದ್ದರೂ ಅವರ ಸ್ಟ್ಯಾಫ್ ನಮ್ಮದರಂತೆ ಮೆಥಿಸಿಲಿನ್ನಿಗೆ ಬಗ್ಗದ ಜಾತಿಯದ್ದಲ್ಲ. ಆದರೂ ನನ್ನನ್ನು ಈ ದಾರಿಗೆ ಹಚ್ಚಿದ್ದು ಬಿಲ್ಲು. ಹಾಸಿಗೆ, ವ್ಯಾಂಕೊಮೈಸಿನ್, ರಕ್ತಪರೀಕ್ಷೆ ಎಲ್ಲ ಸೇರಿ ದಿನಕ್ಕೆ ಸುಮಾರು ಎರಡೂವರೆ ಸಾವಿರ ಹಿಡಿದರೂ ಆರು ವಾರಕ್ಕೆ ಲಕ್ಷ ದಾಟುತ್ತದೆ. ಅದರ ಮೇಲೆ ತಾಯಿಯ ಕೂಲಿ ಹೋಗುತ್ತದೆ. ಮೂರನೆಯ ವಾರಕ್ಕೆ ಮಗುವಿನ ಕೈಯಲ್ಲಿ ಸೂಜಿ ಹಾಕಲು ಒಂದು ರಕ್ತನಾಳವೂ ಸಿಗದೆ, ಸಿಸ್ಟರ್ ಟ್ರೇ ಹಿಡಿದು ಬಂದರೆ ಸಾಕು, ಪಕ್ಕದ ಹಾಸಿಗೆಯ ಮಕ್ಕಳೂ ಅಳತೊಡಗುತ್ತವೆ.

ಮೊದಲ ಸೋಲು ಕ್ಲಿಂಡಾಮೈಸಿನ್ನಿನದು. ಕಲ್ಚರ್ ವರದಿಯಲ್ಲಿ ‘ಸೆನ್ಸಿಟಿವ್’ (ಔಷಧಕ್ಕೆ ಬಗ್ಗುತ್ತದೆ) ಎಂದಿತ್ತು, ನಂಬಿ ಕೊಟ್ಟೆ. ವಾರದೊಳಗೆ ಜ್ವರ ಮರಳಿ, ಉರಿಯೂತ ಅಳೆಯುವ ರಕ್ತಪರೀಕ್ಷೆಯಲ್ಲಿ ಇಳಿಯುತ್ತಿದ್ದ ಸಿಆರ್‌ಪಿ ಮತ್ತೆ ಏರಿತು. ಆಗ ನಾವು ಸ್ಯಾಂಪಲ್ ಕಳುಹಿಸುತ್ತಿದ್ದ ಪ್ರಯೋಗಾಲಯ ಡಿ-ಟೆಸ್ಟ್ (ಸೆನ್ಸಿಟಿವ್ ಎಂದು ಕಂಡರೂ ಕ್ಲಿಂಡಾಮೈಸಿನ್ನಿಗೆ ಒಳಗೊಳಗೆ ಅಡಗಿರುವ ಪ್ರತಿರೋಧವನ್ನು ಹೊರಗೆಳೆಯುವ ಪರೀಕ್ಷೆ) ಮಾಡುತ್ತಲೇ ಇರಲಿಲ್ಲ, ನಾನೂ ಕೇಳಿರಲಿಲ್ಲ. ಬೇರೆ ಕಡೆ ಹಾಕಿಸಿದ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ, ಎರಿಥ್ರೊಮೈಸಿನ್ ಡಿಸ್ಕಿನ ಕಡೆಗೆ ಕ್ಲಿಂಡಾಮೈಸಿನ್ನಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಚಾಕುವಿನಿಂದ ಕೊಯ್ದಂತೆ ಚಪ್ಪಟೆಯಾಗಿತ್ತು, ಅಂದರೆ ಟೆಸ್ಟ್ ಪಾಸಿಟಿವ್. ಆ ಮಗುವಿನ ಎರಡನೆಯ ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ಅರ್ಧ ನಾನೇ ಹಾಕಿದೆ. ಅಂದಿನಿಂದ ಡಿ-ಟೆಸ್ಟ್ ಫಲಿತಾಂಶ ಬರೆಯದ ವರದಿಯನ್ನು ನಾನು ವಾಪಸ್ ಕಳುಹಿಸುತ್ತೇನೆ.

ಎರಡನೆಯದು ನನ್ನ ದುರಾಸೆ. ಹದಿನೈದು ಕಿಲೋ ಮಗುವಿಗೆ ಕೋ-ಟ್ರೈಮಾಕ್ಸಜೋಲ್ ದಿನಕ್ಕೆ ಹತ್ತು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತಿತ್ತು, ಕ್ಲಿಂಡಾಮೈಸಿನ್ 150ರ ನಾಲ್ಕು ಕ್ಯಾಪ್ಸೂಲಿಗೆ ಅರವತ್ತು-ಎಪ್ಪತ್ತು ಆಗುತ್ತಿತ್ತು. ಅಗ್ಗವೆಂದು, ಸೊಂಟದ ಕೀಲಿನ ಕೀವು ಪೂರ್ತಿ ಹೊರಹೋಗುವ ಮೊದಲೇ ಒಬ್ಬ ಹುಡುಗನಿಗೆ ಕೋ-ಟ್ರೈಮಾಕ್ಸಜೋಲನ್ನೇ ಶುರುಮಾಡಿದೆ. ಕೊಳೆತ ಅಂಗಾಂಶದಿಂದ ಸಿಗುವ ಥೈಮಿಡಿನ್ ಎಂಬ ವಸ್ತು ಬ್ಯಾಕ್ಟೀರಿಯಾವನ್ನು ಆ ಔಷಧದ ಹೊಡೆತದಿಂದಲೇ ತಪ್ಪಿಸುತ್ತದೆ ಎಂಬುದು ಓದಿ ಗೊತ್ತಿತ್ತು, ಒಂಬತ್ತನೆಯ ದಿನ ಕಣ್ಣಾರೆ ಕಂಡೆ. ಕೀವು ಉಳಿದಿರುವಲ್ಲಿ ಈಗ ಅದನ್ನು ಮುಟ್ಟುವುದಿಲ್ಲ.

ಲಿನಜೋಲಿಡ್ ಕೆಲಸದಲ್ಲಿ ಎಲ್ಲಕ್ಕಿಂತ ಖಚಿತ, ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಸೇರುತ್ತದೆ. ಆದರೆ ಎಂಟು ಗಂಟೆಗೊಮ್ಮೆ ಕಿಲೋಗೆ ಹತ್ತು ಮಿಲಿಗ್ರಾಂ ಎಂದರೆ ಅದೇ ಹದಿನೈದು ಕಿಲೋ ಮಗುವಿಗೆ ದಿನಕ್ಕೆ ಇಪ್ಪತ್ತೆರಡೂವರೆ ಮಿಲಿ ಸಿರಪ್; ಮೂವತ್ತು ಮಿಲಿಯ ಬಾಟಲಿ ನಾಲ್ಕೇ ಡೋಸಿಗೆ ತಳ ಕಾಣುತ್ತದೆ. ಮೂರನೆಯ ಸೋಲು ಇದರದ್ದೇ. ವಾರಕ್ಕೊಮ್ಮೆ ರಕ್ತಪರೀಕ್ಷೆಗೆ ಬನ್ನಿ ಎಂದು ಬರೆದು ಕೊಟ್ಟಿದ್ದೆ, ಆ ಕುಟುಂಬ ಕಬ್ಬು ಕಡಿಯಲು ಹೋಗಿತ್ತು. ಮೂರನೆಯ ವಾರದ ಕೊನೆಗೆ ಮೈಮೇಲೆ ಕೆಂಪು ಚುಕ್ಕೆಗಳೊಂದಿಗೆ ಬಂದ ಮಗುವಿನ ಪ್ಲೇಟ್‌ಲೆಟ್ ಅರವತ್ತು ಸಾವಿರದ ಹತ್ತಿರ ಇಳಿದಿತ್ತು. ಔಷಧ ನಿಲ್ಲಿಸಿದ ಮೇಲೆ ಎಣಿಕೆ ತಾನಾಗಿ ಏರಿತು. ಈಗ ಎರಡು ವಾರ ದಾಟಿಸುವುದಿಲ್ಲ, ಪರೀಕ್ಷೆಯ ಹಣವನ್ನು ಡಿಸ್ಚಾರ್ಜಿನ ದಿನವೇ ಕಟ್ಟಿಸಿಕೊಳ್ಳುತ್ತೇನೆ. ಹಣ ಕಟ್ಟಿದವರು ತಪ್ಪದೆ ಬರುತ್ತಾರೆ.

ಹೀಗೆ ಪೆಟ್ಟು ತಿಂದು ನಿಂತ ಕ್ರಮ ಇಷ್ಟು: ಕೀವು ಹೊರಗೆ ಹೋಗಿರಬೇಕು, ಎರಡು ದಿನ ಜ್ವರವಿರಬಾರದು, ರಕ್ತದ ಕಲ್ಚರ್ ಶುದ್ಧವಾಗಿರಬೇಕು, ಸಿಆರ್‌ಪಿ ಅರ್ಧಕ್ಕಿಂತ ಕೆಳಗಿಳಿದಿರಬೇಕು, ಮಗು ಸೋಂಕಿದ್ದ ಕೈ ಅಥವಾ ಕಾಲನ್ನು ತಾನಾಗಿ ಆಡಿಸಬೇಕು. ಡಿ-ಟೆಸ್ಟ್ ನೆಗೆಟಿವ್ ಆದರೆ ಕ್ಲಿಂಡಾಮೈಸಿನ್. ಪಾಸಿಟಿವ್ ಆದರೆ ಎರಡು ವಾರ ಲಿನಜೋಲಿಡ್, ಉಳಿದ ಅವಧಿಗೆ, ವರದಿ ಒಪ್ಪಿದರೆ, ಕೋ-ಟ್ರೈಮಾಕ್ಸಜೋಲ್. ನಡುವೆ ರಿಫಾಂಪಿಸಿನ್ ಸೇರಿಸಿಯೂ ಇಬ್ಬರು ಮಕ್ಕಳಲ್ಲಿ ನೋಡಿದೆ. ಒಂದು ಮಗು ವಾಂತಿ ಮಾಡಿತು, ಇನ್ನೊಂದರ ಅಜ್ಜಿ ಆ ಔಷಧದಿಂದ ಬರುವ ಕಿತ್ತಳೆ ಬಣ್ಣದ ಮೂತ್ರ ಕಂಡು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ “ರಕ್ತ ಹೊಂಟೈತ್ರೀ ಸಾಹೇಬ್ರ” ಎಂದರು. ಕ್ಷಯದ ಔಷಧವನ್ನು ಹೀಗೆ ಸವೆಸಬಾರದು ಎಂಬ ಅಳುಕೂ ಇತ್ತು, ಕ್ಲಿಂಡಾಮೈಸಿನ್ ಮಟ್ಟವನ್ನು ಅದು ತಗ್ಗಿಸುವುದೂ ನಿಜ, ಕೈಬಿಟ್ಟೆ.

ನಿಜವಾದ ಜಗಳ ಕ್ಲಿಂಡಾಮೈಸಿನ್ನಿನ ಕಹಿಯೊಂದಿಗೆ. ಒಂದು ಮಧ್ಯಾಹ್ನ ನಾನು, ಡ್ಯೂಟಿ ಡಾಕ್ಟರ್, ಇಬ್ಬರು ಸಿಸ್ಟರ್ ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಬಾಳೆಹಣ್ಣು, ಜಾಮ್, ರಾಗಿ ಗಂಜಿ, ಬೆಲ್ಲದ ಪಾಕಗಳಲ್ಲಿ ಕಲಸಿ ನೆಕ್ಕಿ ನೋಡಿದೆವು. ಬಾಳೆಹಣ್ಣಿನಲ್ಲಿ ಕಹಿ ಇಮ್ಮಡಿಸಿದಂತಾಯಿತು, ಗಂಜಿಯಲ್ಲಿ ಸಂಜೆಯವರೆಗೂ ನಾಲಿಗೆಗೆ ಅಂಟಿತ್ತು, ಗೆದ್ದದ್ದು ಪಾಕ. ನಮ್ಮ ಹಿರಿಯ ಸಿಸ್ಟರ್ ಆ ಪಾಕಕ್ಕೆ ಇನ್ನೊಂದು ಅಡುಗೆಮನೆಯ ವಸ್ತುವನ್ನು ಚಿಟಿಕೆ ಸೇರಿಸುತ್ತಾರೆ. ಅದೇನೆಂದು ಬರೆಯಲು ಅವರ ಒಪ್ಪಿಗೆಯಿಲ್ಲ. ಆರು ದಾಟಿದ ಮಕ್ಕಳಿಗೆ ಬೆಂದ ಸಬ್ಬಕ್ಕಿಯ ಕಾಳನ್ನು ಅಗಿಯದೆ ನುಂಗುವ ಪಂದ್ಯ ಕಟ್ಟುತ್ತೇವೆ. ನೆಟ್ಟಗೆ ಕೂತು, ನೀರಿನ ಗುಟುಕಿನೊಂದಿಗೆ. ಮೂರು-ನಾಲ್ಕು ದಿನಕ್ಕೆ ಬಹುಪಾಲು ಮಕ್ಕಳು ಇಡೀ ಕ್ಯಾಪ್ಸೂಲನ್ನೇ ನುಂಗಿಬಿಡುತ್ತಾರೆ.

ಆ ನಾಲ್ಕು ವರ್ಷದ ಹುಡುಗಿಯ ಒಂದು ವರ್ಷದ ಎಕ್ಸ್‌ರೇಯನ್ನು ಹಿರಿಯ ಮೂಳೆತಜ್ಞರು ಬೆಳಕಿನ ಪೆಟ್ಟಿಗೆಯ ಮೇಲೆ ಬಹಳ ಹೊತ್ತು ನೋಡಿದರು, ಮೂಳೆ ಉದ್ದ ಬೆಳೆಯುವ ತುದಿಯ ಫಲಕದ ಮೇಲೆ ಬೆರಳಾಡಿಸಿದರು, ಏನೂ ಹೇಳಲಿಲ್ಲ. ಈಗ ಅವರೇ ‘ಬಾಯಿಯ ಔಷಧಕ್ಕೆ’ ಎಂದು ಚೀಟಿ ಬರೆದು ಮಕ್ಕಳನ್ನು ಕಳುಹಿಸುತ್ತಾರೆ. ಹೋದ ತಿಂಗಳು ಹಾಗೆ ಬಂದ ಎರಡು ತಿಂಗಳ ಕೂಸನ್ನು ಮಾತ್ರ, ಆ ವಯಸ್ಸಿನಲ್ಲಿ ಧೈರ್ಯ ಸಾಲದೆ, ಪೂರ್ತಿ ಅವಧಿಗೆ ವ್ಯಾಂಕೊಮೈಸಿನ್ ಮೇಲೆಯೇ ಇಟ್ಟುಕೊಂಡೆ. ತಿಳಿಸಲು ಫೋನ್ ಮಾಡಿದಾಗ ಅವರು ನಕ್ಕು, “ಸಿರಪ್ಪು ಮುಗೀತೇನ್ರೀ ಡಾಕ್ಟ್ರೇ?” ಎಂದರು.