ಮಂಡಿನೋವಿನ ಅಮ್ಮ ಬೇಲಂ ಗುಹೆಗೆ ಇಳಿದಿದ್ದು: ನನ್ನ ಅನುಭವ

ಅರವತ್ತೆಂಟರ ನಮ್ಮಮ್ಮ ಆಂಧ್ರದ ಬೇಲಂ ಗುಹೆಯಲ್ಲಿ, ಅದರ ಅತಿ ಆಳದ ಜಾಗವಾದ ಪಾತಾಳಗಂಗೆಯವರೆಗೂ ಇಳಿದು ಹತ್ತಿ ಬಂದರು. "ಒಳಗೆ ಉಸಿರು ಕಟ್ಟುತ್ತೆ, ಮಂಡಿ ಕೈಕೊಡುತ್ತೆ, ಸುಮ್ನೆ ತಿರುಪತಿಗೆ ಕರ್ಕೊಂಡು ಹೋಗು" ಅಂದಿದ್ದ ಭಾವನವರು ಇದನ್ನು ದಯವಿಟ್ಟು ಓದಬೇಕು. ನಮ್ಮ ಐದು ಜನರಲ್ಲಿ ಯಾರೂ ಅದಕ್ಕೆ ಮೊದಲು ನೆಲದೊಳಗಿನ ಗುಹೆ ಕಂಡವರಲ್ಲ.

ಬೆಂಗಳೂರಿಂದ ದಾರಿ ಗೊತ್ತೇ ಇದೆಯಲ್ಲ, ಅನಂತಪುರದ ಮೇಲೆ ತಾಡಿಪತ್ರಿ. ಸಾಮಾನ್ಯವಾಗಿ ಎಲ್ಲರೂ ಬೆಂಗಳೂರು ಬೆಳಗಿನ ಜಾವ ಬಿಟ್ಟು ನಡುಮಧ್ಯಾಹ್ನ ಗುಹೆ ಮುಟ್ಟುತ್ತಾರೆ. ನಮ್ಮ ಬೀದಿಯವರು ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೀಗೇ ಹೋಗಿದ್ದರು. ಅರ್ಧ ಜನ ಸುಸ್ತಾಗಿ ಒಳಗೇ ಹೋಗಲಿಲ್ಲವಂತೆ. ನಾವು ಹಿಂದಿನ ಸಂಜೆಯೇ ತಾಡಿಪತ್ರಿಯಲ್ಲಿ ಉಳಿದೆವು. ವಿಜಯನಗರದ ಕಾಲದ ಬುಗ್ಗ ರಾಮಲಿಂಗೇಶ್ವರ ದೇವಸ್ಥಾನವೂ ಆಯ್ತು, ಅಮ್ಮನ ಕಾಲಿಗೆ ಒಂದು ರಾತ್ರಿ ರೆಸ್ಟೂ ಸಿಕ್ಕಿತು. ಅಲ್ಲಿಂದ ಗುಹೆಗೆ ಮೂವತ್ತು ಕಿಲೋಮೀಟರ್ ಅಷ್ಟೆ. ಬೆಳಿಗ್ಗೆ ಗೇಟು ತೆಗೆಯುವಾಗ ಸಾಲಿನಲ್ಲಿ ನಾವೇ ಮುಂದೆ.

ಗುಹೆ ಅಂದರೆ ತಂಪು ಅನ್ನುವವರು ಬೇಲಂಗೆ ಹೋಗಿಲ್ಲ ಅಂತಲೇ ಅರ್ಥ. ಒಳಗೆ ಬೇಯಿಸುವ ಸೆಕೆ. ಗಾಳಿಯಲ್ಲಿ ತೇವ ಎಷ್ಟಿರುತ್ತೆ ಅಂದರೆ ಬೆವರು ಆರುವುದೇ ಇಲ್ಲ. ಆನ್‌ಲೈನಲ್ಲಿ ತರಿಸಿದ ಬ್ಯಾಟರಿ ಫ್ಯಾನು, ನಾನೂರೋ ಐನೂರೋ ಕೊಟ್ಟಿದ್ದು, ಬಿಸಿ ಗಾಳಿಯನ್ನೇ ಮುಖಕ್ಕೆ ಊದಿತು. ಒದ್ದೆ ಟವೆಲ್ ಕೂಡ ದಂಡ. ಬೆವರೇ ಆರದ ಜಾಗದಲ್ಲಿ ಟವೆಲ್ ಎಲ್ಲಿ ಆರುತ್ತೆ? ಕೆಲಸಕ್ಕೆ ಬಂದಿದ್ದು ಮೇಲಿಂದ ಗಾಳಿ ಊದುವ ಪೈಪುಗಳು. ಒಂದು ಪೈಪಿನ ಬಾಯಿಂದ ಇನ್ನೊಂದಕ್ಕೆ ನಡೆಯುವುದು, ಬೆವರು ಆರುವ ತನಕ ಅಲ್ಲೇ ನಿಲ್ಲುವುದು. ನನ್ನ ವಿಧಾನ ಮುಕ್ಕಾಲು ಪಾಲು ಇಷ್ಟೇ. 1982-83ರಲ್ಲಿ ಗುಹೆ ಸಂಶೋಧಕ ಗೆಬೌರ್ ಅವರ ಜರ್ಮನ್ ತಂಡ ಇದೇ ಗುಹೆ ಅಳೆದಾಗ ಪೈಪೂ ಇಲ್ಲ, ಲೈಟೂ ಇಲ್ಲ. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ. ನಮಗೆ ಬಿಡುವುದು ಅದರಲ್ಲಿ ಸುಮಾರು ಒಂದೂವರೆ.

ಇನ್ನು ಅಮ್ಮನ ಊರುಗೋಲು. ಮೆಡಿಕಲ್ ಶಾಪಿನ ಕೋಲಿನ ತುದಿ ಒದ್ದೆ ನೆಲದಲ್ಲಿ ಜಾರುತ್ತೆ. ಮನೆಯ ಬಚ್ಚಲಲ್ಲಿ ಸೋಪು ನೀರು ಚೆಲ್ಲಿ ನೋಡಿದ್ದೆ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಸುತ್ತಿದೆ. ಕಟ್ಟಿದ್ದು ಯಾವುದರಲ್ಲಿ, ಹೇಗೆ ಅಂತ ಮಾತ್ರ ಕೇಳಬೇಡಿ. ಪಾತಾಳಗಂಗೆ ನೆಲಮಟ್ಟದಿಂದ ನಲವತ್ತಾರು ಮೀಟರ್ ಕೆಳಗೆ. ಅಲ್ಲಿವರೆಗೂ ಕೋಲು ಒಮ್ಮೆಯೂ ಜಾರಲಿಲ್ಲ. ತಲೆ ತಗ್ಗಿಸುವ ಕಡೆಗಳಿಗಾಗಿ ಒಂದು ವಾರ ಡೈನಿಂಗ್ ಟೇಬಲ್ ಕೆಳಗೆ ಅಮ್ಮನಿಗೂ ಮಕ್ಕಳಿಗೂ ಬಗ್ಗಿ ನಡೆಯುವ ಪ್ರಾಕ್ಟೀಸ್ ಮಾಡಿಸಿದ್ದೆ. ಹೆಂಡತಿ ನಕ್ಕಿದ್ದಳು. ಗುಹೆಯಲ್ಲಿ ತಲೆ ತಾಗಿಸಿಕೊಂಡವಳು ಅವಳೊಬ್ಬಳೇ.

ಅಮ್ಮ ಒಂದು ಕಡೆ ಗೋಡೆ ಸವರಿ, "ಇದು ನಮ್ಮ ಅಡುಗೆಮನೆ ಕಟ್ಟೆ ಕಲ್ಲಿನ ಥರಾನೇ ಇದೆಯಲ್ಲೋ" ಅಂದರು. ಸರಿಯೇ, ಕಡಪ ಕಲ್ಲೂ ಇದೇ ಸೀಮೆಯ ಸುಣ್ಣದ ಕಲ್ಲು. ಇಲ್ಲಿ ನೀರು ಅದನ್ನು ಕೊರೆದು ನುಣ್ಣಗೆ ಮಾಡಿದೆ.

ಒಳಗೇ ಇರುವ ಸಪ್ತಸ್ವರ ಗುಹೆ ಅನ್ನುವ ಭಾಗದಲ್ಲಿ ಗೈಡ್ ಬೆರಳಿನ ಗಿಣ್ಣಿನಿಂದ ಕಲ್ಲು ತಟ್ಟಿ ಲೋಹದ ದನಿ ಕೇಳಿಸಿದರು. ಮಗಳು ತಂಬೂರಿ ಆ್ಯಪ್ ತೆಗೆದು ಷಡ್ಜ ಹುಡುಕಿದಳು. ಒಂದು ಕಲ್ಲೂ ಶ್ರುತಿಗೆ ಸೇರಲಿಲ್ಲ. ಹಿಂದೆ ನಿಂತವರು ಗೊಣಗಿದರು, ಮುಂದೆ ನಡೆದೆವು.

ಖರ್ಚು: ಪೆಟ್ರೋಲು, ಟೋಲು ಸೇರಿ ಆರು ಸಾವಿರದ ಆಸುಪಾಸು. ಎರಡು ರೂಮಿಗೆ ಮೂರರ ಹತ್ತಿರ. ಊಟ, ಟಿಕೆಟ್ಟು ಇನ್ನೊಂದು ಮೂರು. ಟ್ರಾವೆಲ್ಸ್‌ನವರು ತಲೆಗೆ ಐದು ಸಾವಿರ ಕೇಳಿದ್ದರು, ಲೆಕ್ಕ ನೀವೇ ಹಾಕಿ. ಗಂಡಿಕೋಟದ ಕೋಟೆಯನ್ನು ಅದೇ ದಿನ ಸೇರಿಸಬೇಡಿ. ಗುಹೆಯಿಂದ ಬಂದವರಿಗೆ ಕೋಟೆ ಸುತ್ತುವಷ್ಟು ಕಾಲು ಉಳಿದಿರುವುದಿಲ್ಲ. ನಾವು ಲಾಡ್ಜಿಗೆ ವಾಪಸ್ ಬಂದು ಮಲಗಿದೆವು, ಗಂಡಿಕೋಟಕ್ಕೆ ಮಾರನೇ ದಿನ ಹೋದೆವು.