ಎ.ಸಿ. ಮೆಕ್ಯಾನಿಕ್ ಆಗಬೇಕೆ? ಗ್ಯಾಸ್ ತುಂಬುವುದನ್ನು ಕೊನೆಗೆ ಕಲಿಯಿರಿ

ಎ.ಸಿ. ತಣ್ಣಗಾಗುತ್ತಿಲ್ಲ ಎಂದು ಕರೆದರೆ ಬಂದ ಹುಡುಗ ಒತ್ತಡ ಅಳೆಯುವ ಗೇಜ್ ಹಚ್ಚುತ್ತಾನೆ, ಮುಳ್ಳು ನೋಡುತ್ತಾನೆ, ‘ಗ್ಯಾಸ್ ಕಡಿಮೆಯಾಗಿದೆ ಸಾರ್’ ಎನ್ನುತ್ತಾನೆ. ತುಂಬಿಸಿ, ಹಣ ಎಣಿಸಿಕೊಂಡು ಹೋಗುತ್ತಾನೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಮನೆ, ಅದೇ ಮಾತು. ಓಡಿದಷ್ಟೂ ಖರ್ಚಾಗಲು ಗ್ಯಾಸ್ ಏನು ಪೆಟ್ರೋಲೇ? ಅದು ಪೈಪಿನೊಳಗೆ ಸುತ್ತುತ್ತಲೇ ಇರುವಂಥದ್ದು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ನನ್ನ ಬಳಿ ಕೆಲಸ ಕೇಳಿಕೊಂಡು ಬರುವ ಹುಡುಗರಲ್ಲಿ ಹೆಚ್ಚಿನವರು, ಐಟಿಐ ಸರ್ಟಿಫಿಕೇಟ್ ಹಿಡಿದವರೂ ಸೇರಿದಂತೆ, ಎಡವುವುದು ಇಲ್ಲಿಯೇ. ಆದ್ದರಿಂದ ಈ ಲೇಖನದಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ.

ಮೊದಲ ಹಂತ: ಎಲ್ಲಿ ಸೇರುವುದು

ವಿಜ್ಞಾನ, ಗಣಿತ ಓದಿ 10ನೇ ತರಗತಿ ಪಾಸಾದವರು ಐಟಿಐಯಲ್ಲಿ ‘ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್ ಟೆಕ್ನಿಷಿಯನ್’ ವೃತ್ತಿಗೆ ಸೇರಬಹುದು. ಎರಡು ವರ್ಷ. ಹಳಬರು ಇದನ್ನು ಇಂದಿಗೂ ಎಂಆರ್‌ಎಸಿ (ಮೆಕ್ಯಾನಿಕ್ ರೆಫ್ರಿಜರೇಷನ್ ಅಂಡ್ ಏರ್ ಕಂಡೀಷನಿಂಗ್) ಎಂದೇ ಕರೆಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಸಿಗುವ ಎನ್‌ಟಿಸಿ (ರಾಷ್ಟ್ರೀಯ ವೃತ್ತಿ) ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಅರ್ಜಿ ಕರೆಯುತ್ತದೆ. ಈ ವೃತ್ತಿ ಎಲ್ಲ ಐಟಿಐಗಳಲ್ಲೂ ಇಲ್ಲ. ಅರ್ಜಿ ತುಂಬುವ ಮೊದಲೇ ವಿಚಾರಿಸಿಕೊಳ್ಳಿ.

ಖಾಸಗಿ ಸಂಸ್ಥೆಗೆ ಸೇರುವುದಾದರೆ ಕಟ್ಟಡ, ಬಣ್ಣ, ಬ್ಯಾನರ್ ನೋಡಬೇಡಿ. ನೇರವಾಗಿ ವರ್ಕ್‌ಶಾಪಿಗೆ ಹೋಗಿ, ಸೋರಿಕೆ ಪರೀಕ್ಷಿಸಲು ಬೇಕಾದ ನೈಟ್ರೋಜನ್ ಸಿಲಿಂಡರ್ ಎಲ್ಲಿದೆ ಎಂದು ಕೇಳಿ. ಸಿಲಿಂಡರ್ ಇದ್ದು, ಅದಕ್ಕೆ ರೆಗ್ಯುಲೇಟರ್ ಇದ್ದು, ಬಳಸಿ ಸವೆದ ಗುರುತಿದ್ದರೆ ಸೇರಿ. ‘ಅದೆಲ್ಲ ಮುಂದಿನ ತಿಂಗಳು ಬರುತ್ತದೆ’ ಎಂದರೆ ಬಂದ ದಾರಿಯಲ್ಲೇ ಹಿಂತಿರುಗಿ. ಮೂರು ತಿಂಗಳ ಕೋರ್ಸುಗಳು ಈಗಾಗಲೇ ಎಲೆಕ್ಟ್ರಿಷಿಯನ್ ಕೆಲಸ ಬಲ್ಲವರಿಗೆ ಸರಿ. ಹೊಸಬರಿಗೆ ಬೇಡ.

ಎರಡನೆಯ ಹಂತ: ಕರೆಂಟು

ದೂರುಗಳಲ್ಲಿ ಬಹಳಷ್ಟು ಗ್ಯಾಸಿಗೆ ಸಂಬಂಧಪಟ್ಟವೇ ಅಲ್ಲ. ಕೆಪಾಸಿಟರ್ ಸೋತಿರುತ್ತದೆ, ಸಂಪರ್ಕ ಸಡಿಲವಾಗಿರುತ್ತದೆ, ಫಿಲ್ಟರಿನಲ್ಲಿ ಧೂಳು ಕಟ್ಟಿರುತ್ತದೆ. ಮಲ್ಟಿಮೀಟರ್ ಮತ್ತು ಕ್ಲಾಂಪ್ ಮೀಟರ್ ಕೈಗೆ ಒಗ್ಗುವವರೆಗೂ ಗೇಜ್ ಮುಟ್ಟಬೇಡಿ. ಇನ್ವರ್ಟರ್ ಎ.ಸಿ.ಯ ಬೋರ್ಡಿನ ವಿಷಯದಲ್ಲಿ ಒಂದು ಎಚ್ಚರಿಕೆ: ಮನೆಯ 230 ವೋಲ್ಟ್ ಪರ್ಯಾಯ ಕರೆಂಟು ಅಲ್ಲಿ 300 ವೋಲ್ಟಿಗೂ ಮೀರಿದ ನೇರ ಕರೆಂಟು (ಡಿ.ಸಿ.) ಆಗಿ ದೊಡ್ಡ ಕೆಪಾಸಿಟರುಗಳಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಕೂಡಲೇ ಅದು ಇಳಿಯುವುದಿಲ್ಲ. ಮೀಟರಿನಲ್ಲಿ ಅಳೆದು ಖಚಿತಪಡಿಸಿಕೊಂಡ ಮೇಲೆಯೇ ಬೆರಳು ಇಡಿ.

ಮೂರನೆಯ ಹಂತ: ಸಲಕರಣೆ

ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಕಿಲ್ಲ. ಟ್ಯೂಬ್ ಕಟರ್, ರೀಮರ್, ಫ್ಲೇರಿಂಗ್ ಟೂಲ್, ಮ್ಯಾನಿಫೋಲ್ಡ್ ಗೇಜ್, ತೂಕದ ಯಂತ್ರ, ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ಎರಡು ಹಂತದ ವ್ಯಾಕ್ಯೂಮ್ ಪಂಪ್, ಒಳಗೆ ಉಳಿದ ಒತ್ತಡವನ್ನು ಸೂಕ್ಷ್ಮವಾಗಿ ಅಳೆಯುವ ಮೈಕ್ರಾನ್ ಗೇಜ್: ಇವು ಸ್ವಂತದ್ದಾಗಿರಲಿ. ದುಡ್ಡು ಸಾಲದಿದ್ದರೆ ಪಂಪನ್ನು ಬಾಡಿಗೆಗೆ ತನ್ನಿ, ಆದರೆ ಮೈಕ್ರಾನ್ ಗೇಜ್ ಬಿಡಬೇಡಿ. ಅಂಗಡಿಯವರು ಸಾಮಾನ್ಯವಾಗಿ ಇದನ್ನು ತಿರುಗುಮುರುಗಾಗಿ ಹೇಳುತ್ತಾರೆ.

ಆರ್-22, ಆರ್-32 ಎಂಬಿವು ಗ್ಯಾಸಿನ ಬಗೆಗಳ ಹೆಸರು. ಹಳೆಯ ಆರ್-22 ಗೇಜನ್ನು ಆರ್-32ಕ್ಕೆ ಹಚ್ಚುವವರನ್ನು ನೋಡಿದ್ದೇನೆ. ಆರ್-32 ಮತ್ತು ಆರ್-410ಎ ಎರಡರ ಒತ್ತಡವೂ ಆರ್-22ಕ್ಕಿಂತ ಸುಮಾರು ಶೇ 60ರಷ್ಟು ಹೆಚ್ಚು. ಹಳೆಯ ಹೋಸ್ ಅದಕ್ಕೆ ತಡೆಯುವುದಿಲ್ಲ; ಅದರೊಳಗೆ ಉಳಿದ ಹಳೆಯ ಆಯಿಲ್ ಹೊಸ ಯಂತ್ರಕ್ಕೆ ಆಗಿಬರುವುದೂ ಇಲ್ಲ. ಇನ್ನು ‘ಸೋರಿಕೆ ತಾನೇ ಮುಚ್ಚಿಕೊಳ್ಳುತ್ತದೆ’ ಎಂದು ಮಾರುವ ದ್ರವದ ಡಬ್ಬಿಗಳಿವೆ. ಅವು ಸೋರಿಕೆಯನ್ನು ಮುಚ್ಚುತ್ತವೋ ಇಲ್ಲವೋ, ನಿಮ್ಮ ಹೋಸು, ಗೇಜುಗಳನ್ನು ಕಟ್ಟಿಸಿಬಿಡಬಲ್ಲವು. ಕೊಳ್ಳಬೇಡಿ.

ನಾಲ್ಕನೆಯ ಹಂತ: ಫ್ಲೇರ್

ಸ್ಪ್ಲಿಟ್ ಎ.ಸಿ. ಸೋರುವುದು ಹೆಚ್ಚಾಗಿ ಫ್ಲೇರ್ ಜೋಡಣೆಯಲ್ಲಿ, ಅಂದರೆ ಪೈಪಿನ ಬಾಯನ್ನು ತುತ್ತೂರಿಯಂತೆ ಅಗಲಿಸಿ ನಟ್ಟಿನಿಂದ ಬಿಗಿಯುವ ಕಡೆ. ಪೈಪನ್ನು ಕಟರಿನಿಂದ ನಿಧಾನವಾಗಿ ಕತ್ತರಿಸಿ. ಹ್ಯಾಕ್ಸಾ ಬ್ಲೇಡ್ ದೂರವಿರಲಿ. ಒಳಅಂಚಿನ ಮುಳ್ಳನ್ನು ರೀಮರಿನಿಂದ ತೆಗೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೇ ಬೀಳುತ್ತದೆ. ನಟ್ ಅನ್ನು ಮೊದಲು ತೂರಿಸಿ, ಆಮೇಲೆ ಫ್ಲೇರ್ ಮಾಡಿ. ಈ ಸರದಿ ಮರೆತು ಮತ್ತೆ ಕತ್ತರಿಸುವ ದೃಶ್ಯ ಪ್ರತಿ ಬ್ಯಾಚಿನಲ್ಲೂ ಇದ್ದದ್ದೇ. ಫ್ಲೇರಿನ ಮುಖದಲ್ಲಿ ಗೀರು ಕಂಡರೆ ಅದನ್ನು ಕತ್ತರಿಸಿ ಎಸೆಯಿರಿ. ಬಿಗಿಯಲು ಟಾರ್ಕ್ ರೆಂಚ್ ಬಳಸಿ; ‘ಕೈ ಅಂದಾಜು’ ಎನ್ನುವವರ ಕೈ ಸಾಮಾನ್ಯವಾಗಿ ನಟ್ಟನ್ನೇ ಸೀಳಿಸುತ್ತದೆ.

ಬ್ರೇಜಿಂಗ್ (ಬೆಂಕಿಯಲ್ಲಿ ಲೋಹ ಕರಗಿಸಿ ಪೈಪು ಬೆಸೆಯುವುದು) ಮಾಡುವಾಗ ಪೈಪಿನೊಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಬೇಕು. ಹರಿಯದಿದ್ದರೆ ಒಳಗೆ ಕಪ್ಪು ಸಿಪ್ಪೆ ಕಟ್ಟಿ, ಮುಂದೆ ಕ್ಯಾಪಿಲರಿ ಎಂಬ ತೀರಾ ಸಣ್ಣ ಪೈಪಿಗೆ ಅಡ್ಡ ಕೂರುತ್ತದೆ.

ಐದನೆಯ ಹಂತ: ನೈಟ್ರೋಜನ್, ನಂತರ ವ್ಯಾಕ್ಯೂಮ್

ಇಲ್ಲಿ ಅವಸರ ಬೇಡ.

ಜೋಡಣೆ ಮುಗಿದ ಮೇಲೆ ನೈಟ್ರೋಜನ್ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸಬೇಕು. ತುಂಬಿದ ಸಿಲಿಂಡರಿನೊಳಗಿನ ಒತ್ತಡ 2,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಆಸುಪಾಸು; ರೆಗ್ಯುಲೇಟರ್ ಇಲ್ಲದೆ ತೆರೆದರೆ ಪೈಪೂ ಉಳಿಯದು, ಮುಖವೂ ಉಳಿಯದು. ನೈಟ್ರೋಜನ್ ಮುಗಿದಿದೆಯೆಂದು ಪಕ್ಕದಲ್ಲಿರುವ ಬ್ರೇಜಿಂಗ್ ಸೆಟ್ಟಿನ ಆಕ್ಸಿಜನ್ನನ್ನು ಎಂದಿಗೂ ಹಚ್ಚಬೇಡಿ. ಒತ್ತಡದ ಆಕ್ಸಿಜನ್ ಕಂಪ್ರೆಸರಿನ ಆಯಿಲಿಗೆ ತಾಗಿದರೆ ಸ್ಫೋಟವಾಗುತ್ತದೆ. ಸಿಲಿಂಡರಿನ ಮೇಲಿನ ಚೀಟಿ ಓದದೆ ಹೋಸ್ ತಿರುಗಿಸಬಾರದು.

ಒಮ್ಮೆಲೇ ಪೂರ್ತಿ ಒತ್ತಡ ಕೊಡಬೇಡಿ. ಮೊದಲು 50 ಪಿಎಸ್‌ಐ ಕೊಟ್ಟು ಕಿವಿಗೊಡಿ. ಆಮೇಲೆ 150. ಆಮೇಲೆ ಕಂಪನಿ ಹೇಳಿದ ಪರೀಕ್ಷಾ ಒತ್ತಡದವರೆಗೆ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ, ಟಾರ್ಚ್ ಹಿಡಿದು ನೋಡಿ. ಸಣ್ಣ ಸೋರಿಕೆಯ ಗುಳ್ಳೆ ಏಳಲು ಒಂದೆರಡು ನಿಮಿಷ ಬೇಕಾಗುತ್ತದೆ. ಸಾಧ್ಯವಿದ್ದರೆ ರಾತ್ರಿಯಿಡೀ ಬಿಡಿ. ಸಂಜೆ 30 ಡಿಗ್ರಿಯಲ್ಲಿ 300 ಪಿಎಸ್‌ಐ ಇದ್ದದ್ದು ಬೆಳಗ್ಗೆ 20 ಡಿಗ್ರಿಗೆ 290ರ ಸುತ್ತ ಇಳಿದಿದ್ದರೆ ಅದು ಚಳಿಯ ಲೆಕ್ಕ, ಸೋರಿಕೆಯದಲ್ಲ. ಅದಕ್ಕಿಂತ ಕೆಳಗಿಳಿದಿದ್ದರೆ ಮತ್ತೆ ಸೋಪಿನ ನೀರು.

ನೈಟ್ರೋಜನ್ ಹೊರಬಿಟ್ಟು, ಪಂಪ್ ಹಚ್ಚಿ. ಮಹಾ ಅನಾಹುತಗಳು ನಡೆಯುವುದು ಇಲ್ಲಿಯೇ. ಹಲವರು ಪಂಪ್ ತರುವುದೇ ಇಲ್ಲ. ಔಟ್‌ಡೋರಿನ (ಹೊರಗಿನ ಪೆಟ್ಟಿಗೆಯ) ಗ್ಯಾಸನ್ನೇ ಸ್ವಲ್ಪ ಬಿಟ್ಟು, ‘ಗಾಳಿ ಹೊರಹಾಕಿದೆ’ ಎನ್ನುತ್ತಾರೆ. ಗಾಳಿಯ ಕೆಲಭಾಗ ಹೋಗಬಹುದು, ಪೈಪಿನ ಗೋಡೆಗೆ ಅಂಟಿದ ತೇವ ಹೋಗದು. ಆರ್-32, ಆರ್-410ಎ ಯಂತ್ರಗಳ ಆಯಿಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದರೆ ಆಮ್ಲ, ಆಮ್ಲದಿಂದ ಕಂಪ್ರೆಸರಿನ ವೈಂಡಿಂಗ್‌ಗೆ ಪೆಟ್ಟು. ಅದು ಸುಡುವಷ್ಟರಲ್ಲಿ ಎ.ಸಿ. ಹಾಕಿದವನು ಊರು ಬಿಟ್ಟಿರುತ್ತಾನೆ.

ಪಂಪ್ ತಂದವರದು ಇನ್ನೊಂದು ತಪ್ಪು: ಹದಿನೈದು ನಿಮಿಷ ಓಡಿಸಿ, ಮ್ಯಾನಿಫೋಲ್ಡಿನ ಮುಳ್ಳು ಕೆಳಗಿಳಿದದ್ದನ್ನು ನೋಡಿ ನಿಲ್ಲಿಸುವುದು. ಆ ಮುಳ್ಳಿನ ಮಾತು ನಂಬುವಂಥದ್ದಲ್ಲ. ಮಂಗಳೂರಿನಲ್ಲಿ ಪೂರ್ಣ ನಿರ್ವಾತಕ್ಕೆ (ವ್ಯಾಕ್ಯೂಮ್‌ಗೆ) ಪಾದರಸದ 30 ಇಂಚಿನ ಹತ್ತಿರ ತೋರಿಸುವ ಅದೇ ಗೇಜು, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 27ಕ್ಕೇ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಗಾಳಿಯ ಒತ್ತಡವೇ ಕಡಿಮೆ. ಕರಾವಳಿಯಲ್ಲಿ ಕಲಿತ ಹುಡುಗ ಬೆಂಗಳೂರಿಗೆ ಬಂದು ‘ಪಂಪ್ ಕೆಟ್ಟಿದೆ’ ಎಂದು ಬಿಚ್ಚಿ ಕೂರುತ್ತಾನೆ. ಮಂಗಳೂರಿನಲ್ಲೇ ಮುಳ್ಳು 29 ಇಂಚು ತೋರಿಸಿದರೂ ಒಳಗೆ 23,000 ಮೈಕ್ರಾನ್ ಒತ್ತಡ ಉಳಿದಿರುತ್ತದೆ. 25 ಡಿಗ್ರಿ ತಾಪದಲ್ಲಿ ನೀರು ಕುದಿಯತೊಡಗುವುದೇ ಸುಮಾರು 24,000 ಮೈಕ್ರಾನಿನಲ್ಲಿ. ಅಂದರೆ ತೇವ ಆವಿಯಾಗಲು ಆಗಷ್ಟೇ ಶುರುವಾಗಿದೆ, ನೀವು ಪಂಪ್ ನಿಲ್ಲಿಸಿದ್ದೀರಿ! ಮೈಕ್ರಾನ್ ಗೇಜಿಗೆ ಊರಿನ ಎತ್ತರದ ಹಂಗಿಲ್ಲ. ಅದು ನೇರವಾಗಿ ಉಳಿದ ಒತ್ತಡವನ್ನೇ ಹೇಳುತ್ತದೆ. 500ಕ್ಕಿಂತ ಕೆಳಗೆ ಇಳಿಸುವುದು ಗುರಿ.

ಮಾಡುವ ರೀತಿ ಹೀಗೆ. ಹೋಸ್ ಹಚ್ಚುವ ಸರ್ವೀಸ್ ಪೋರ್ಟಿನೊಳಗಿನ ಪಿನ್ನನ್ನು ಕೋರ್ ರಿಮೂವರಿನಿಂದ ತೆಗೆಯಿರಿ. ಸ್ಪ್ಲಿಟ್ ಎ.ಸಿ.ಯಲ್ಲಿ ಸಾಮಾನ್ಯವಾಗಿ ಒಂದೇ ಪೋರ್ಟ್ ಇರುವುದರಿಂದ, ಆ ಚಿಕ್ಕ ಪಿನ್ ಇಡೀ ಕೆಲಸವನ್ನು ತಡೆದು ನಿಲ್ಲಿಸುತ್ತದೆ. ಹೋಸ್ ದಪ್ಪವಾಗಿದ್ದು ಗಿಡ್ಡವಾಗಿರಲಿ. ಮೈಕ್ರಾನ್ ಗೇಜನ್ನು ಪಂಪಿನ ಬಳಿ ಹಚ್ಚಬೇಡಿ. ಅಲ್ಲಿ ಅದು ಪಂಪಿನ ಯೋಗ್ಯತೆಯನ್ನಷ್ಟೇ ತೋರಿಸುತ್ತದೆ. ಎ.ಸಿ.ಯ ಕಡೆಗೇ ಇರಲಿ. ಪಂಪಿನ ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಕುಡಿದಿದೆ, ಬದಲಿಸಿ. ಹೊಸ ಆಯಿಲಿನ ಬೆಲೆ ಕಂಪ್ರೆಸರಿನ ಮುಂದೆ ಏನೂ ಅಲ್ಲ.

500ಕ್ಕಿಂತ ಕೆಳಗಿಳಿದ ಮೇಲೆ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಹತ್ತು ನಿಮಿಷ ಅಂಕಿ ನೋಡುತ್ತಾ ಕೂರಿ. ಮೊಬೈಲ್ ತೆಗೆಯಬೇಡಿ, ಏಕೆಂದರೆ ಅಂಕಿ ಏರುವ ಬಗೆಯಲ್ಲೇ ಉತ್ತರವಿದೆ. ತುಸು ಏರಿ 500ರ ಆಸುಪಾಸಿನಲ್ಲಿ ನಿಂತರೆ ಕೆಲಸ ಸರಿ. ಒಂದೂವರೆ, ಎರಡು ಸಾವಿರಕ್ಕೆ ಏರಿ ಅಲ್ಲೇ ನಿಂತರೆ ಒಳಗೆ ತೇವ ಉಳಿದಿದೆ. ಒಳಗೆ ಸ್ವಲ್ಪ ನೈಟ್ರೋಜನ್ ತುಂಬಿ, ಅದನ್ನು ಹೊರಬಿಟ್ಟು ಮತ್ತೆ ಪಂಪ್ ಓಡಿಸಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಆಗ ಮತ್ತೆ ಸೋಪಿನ ನೀರಿಗೆ ಹಿಂದಿರುಗಬೇಕು, ಮನೆಯ ಯಜಮಾನ ಗಡಿಯಾರ ನೋಡುತ್ತಿದ್ದರೂ ಸರಿ.

ಕೊನೆಗೊಂದು ಸೂಕ್ಷ್ಮ. ವ್ಯಾಕ್ಯೂಮ್ ಇರುವಾಗಲೇ ಹೋಸ್ ಬಿಚ್ಚಿದರೆ ಗಾಳಿ ನುಗ್ಗಿ ಇಷ್ಟೂ ಹೊತ್ತಿನ ಕೆಲಸ ಮಣ್ಣುಪಾಲು. ಮೈಕ್ರಾನ್ ಗೇಜಿನ ಕಡೆಯ ವಾಲ್ವ್ ಮುಚ್ಚಿ, ಔಟ್‌ಡೋರಿನ ಸಣ್ಣ ವಾಲ್ವನ್ನು ಅಲೆನ್ ಕೀಯಿಂದ ತುಸು ತೆರೆದು ಒಳಗೆ ಒತ್ತಡ ಬಂದ ಮೇಲೆ ಹೋಸ್ ತೆಗೆಯಿರಿ.

ಆರನೆಯ ಹಂತ: ಗ್ಯಾಸ್

ಗ್ಯಾಸ್ ಖಾಲಿಯಾದ ಯಂತ್ರಕ್ಕೆ ಅದರ ಪ್ಲೇಟಿನ ಮೇಲೆ ಬರೆದಷ್ಟು ತೂಕ ಮಾಡಿ ತುಂಬಿಸಿ. ಆರ್-410ಎ ಮಿಶ್ರಣವಾದ್ದರಿಂದ ದ್ರವರೂಪದಲ್ಲೇ ಹೋಗಬೇಕು. ಅಷ್ಟೇ; ಹುಡುಗರೆಲ್ಲ ಮೊದಲು ಕಲಿಯಲು ಹಾತೊರೆಯುವ ಕೆಲಸ ಇಷ್ಟು ಸಣ್ಣದು.

ಬೆಂಕಿಯ ವಿಷಯ ಮಾತ್ರ ಸಣ್ಣದಲ್ಲ. ಹೊಸ ಫ್ರಿಜ್‌ಗಳ ಆರ್-600ಎ, ಕೆಲವು ಎ.ಸಿ.ಗಳ ಆರ್-290 ಚೆನ್ನಾಗಿ ಉರಿಯುವ ಅನಿಲಗಳು. ಆರ್-32 ಕೂಡ ಮೆಲ್ಲಗೆ ಉರಿಯಬಲ್ಲದು. ಒಳಗೆ ಗ್ಯಾಸ್ ಇರುವಾಗ ಬ್ರೇಜಿಂಗ್ ಟಾರ್ಚ್ ಹಚ್ಚಬಾರದು. ಹಳೆಯ ಆರ್-22 ಯಂತ್ರಕ್ಕೆ ಅಡುಗೆ ಅನಿಲ ತುಂಬಿಸಿ ‘ಚೆನ್ನಾಗಿ ತಣ್ಣಗಾಗುತ್ತದೆ’ ಎನ್ನುವವರೂ ಇದ್ದಾರೆ. ತಣ್ಣಗಾಗುತ್ತದೆ, ನಿಜ. ಆ ಯಂತ್ರದ ಸ್ವಿಚ್ಚು, ರಿಲೇಗಳು ಉರಿಯುವ ಅನಿಲಕ್ಕೆಂದು ಮಾಡಿದವಲ್ಲ.

ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2030ರ ವೇಳೆಗೆ ಭಾರತ ಅದರ ಬಳಕೆಯನ್ನು ಬಹುತೇಕ ನಿಲ್ಲಿಸಬೇಕಿದೆ. ಹಾಗಾಗಿ ಅದೊಂದನ್ನೇ ಕಲಿಸುವ ಕಡೆ ಕಾಲ ಕಳೆಯಬೇಡಿ. ಕೇಂದ್ರ ಪರಿಸರ ಸಚಿವಾಲಯದ ಓಝೋನ್ ಘಟಕ ಸರ್ವೀಸ್ ಮೆಕ್ಯಾನಿಕ್‌ಗಳಿಗೆಂದೇ ತರಬೇತಿ ನಡೆಸಿಕೊಂಡು ಬಂದಿದೆ. ನಿಮ್ಮ ಊರಿನ ಹತ್ತಿರ ನಡೆದರೆ ಒಂದು ದಿನದ ಕೂಲಿ ಬಿಟ್ಟಾದರೂ ಹೋಗಿ.

ಏಳನೆಯ ಹಂತ: ಅಪ್ರೆಂಟಿಸ್

ಐಟಿಐ ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಕೊಡಲೇಬೇಕು, ಮುಗಿಸಿದವರಿಗೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್) ಪ್ರಮಾಣಪತ್ರ ಸಿಗುತ್ತದೆ. ಎಲ್ಲರೂ ಬೆಂಗಳೂರಿನ ಸ್ಪ್ಲಿಟ್ ಎ.ಸಿ. ಕಂಪನಿಗಳ ಕಡೆಗೇ ಓಡುತ್ತಾರೆ; ಅಲ್ಲಿ ಬೇಸಿಗೆಯಲ್ಲಿ ಊಟಕ್ಕೆ ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸವಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹಗಳು, ಮಲ್ಪೆಯ ಐಸ್ ಪ್ಲಾಂಟ್‌ಗಳು, ಹಳ್ಳಿಯ ಹಾಲಿನ ಸಂಘಗಳ ಶೀತಲೀಕರಣ ಘಟಕಗಳು, ಔಷಧ ಕಾರ್ಖಾನೆಗಳು, ಡೇಟಾ ಸೆಂಟರುಗಳು ವರ್ಷವಿಡೀ ಓಡುತ್ತವೆ. ದೊಡ್ಡ ಶೀತಲಗೃಹಗಳಲ್ಲಿ ಅಮೋನಿಯಾ ಇರುತ್ತದೆ. ಅದು ವಿಷಕಾರಿ; ಮುಖಕವಚ, ಹೊರಬಾಗಿಲು, ಗಾಳಿಯ ದಿಕ್ಕು ಎಲ್ಲಿವೆ ಎಂದು ತಿಳಿಯದೆ ಒಳಗೆ ಕಾಲಿಡಬೇಡಿ. ಆದರೆ ಅದನ್ನು ಬಲ್ಲವರು ವಿರಳವಾದ್ದರಿಂದ ಬೆಲೆಯೂ ಹೆಚ್ಚು. ನನ್ನನ್ನು ಕೇಳಿದರೆ ಮೊದಲ ವರ್ಷ ಅಲ್ಲಿಗೇ ಹೋಗಿ ಎನ್ನುತ್ತೇನೆ.

ಮಾಲೀಕನನ್ನು ಸೇರುವ ಮುನ್ನವೇ ಕೇಳಬೇಕಾದದ್ದು ಸಂಬಳವೊಂದೇ ಅಲ್ಲ. ಮೂರನೇ ಮಹಡಿಯ ಸಜ್ಜೆಯ ಮೇಲೆ ಔಟ್‌ಡೋರ್ ಬಿಚ್ಚಲು ಕಳುಹಿಸುವವನು ಇಡೀ ಮೈಗೆ ಕಟ್ಟುವ ಸುರಕ್ಷತಾ ಬೆಲ್ಟ್ ಕೊಡುತ್ತಾನೆಯೇ, ಅದನ್ನು ಕಟ್ಟಲು ಕೊಕ್ಕೆ ಹೊಡೆಸುತ್ತಾನೆಯೇ ಎಂದು ಕೇಳಿ. ‘ಹಗ್ಗ ಇದೆ, ನೋಡಿಕೊಂಡು ಹೋಗು’ ಎಂದರೆ ಆ ಕೆಲಸಕ್ಕೆ ಒಪ್ಪಬೇಡಿ.