ಹುತ್ತರಿಗೆ ಮುಂಚೆ ಮಸ್ಕತ್‌ಗೆ ಹೋಗಿ ಬಂದೆವು

ಗಲ್ಫ್‌ನಲ್ಲಿ ದುಡಿದು ಬಂದವರಿಗೆ ಅಲ್ಲಿ ಹಳೆ ಮನೆ ಅಂತ ಏನೂ ಉಳಿಯುವುದಿಲ್ಲ. ಕೆಲಸ ಬಿಟ್ಟರೆ ವೀಸಾ ರದ್ದಾಗುತ್ತದೆ. ರೆಸಿಡೆಂಟ್ ಕಾರ್ಡ್ ಹೋಗುತ್ತದೆ, ಬಾಡಿಗೆ ಮನೆಗೆ ಬೇರೆಯವರು ಬರುತ್ತಾರೆ. ಉಳಿಯುವುದು ಗೆಳೆಯರು. ಅವರೂ ಒಬ್ಬೊಬ್ಬರಾಗಿ ಊರಿಗೆ ಹೊರಟುಬಿಡುತ್ತಾರೆ. ನಾವು ಒಮಾನ್ ಬಿಟ್ಟು ಬಂದ ಮೇಲೆ ಅಲ್ಲಿ ಕೆಲಸಗಳು ಸ್ವದೇಶದವರಿಗೇ ಸಿಗಬೇಕು ಅಂತ ನಿಯಮ ಬಿಗಿಯಾಯಿತು. 2018ರ ಜನವರಿಯಲ್ಲಿ 87 ಬಗೆಯ ಕೆಲಸಗಳಿಗೆ ಹೊರದೇಶದವರಿಗೆ ಹೊಸ ವೀಸಾ ನಿಲ್ಲಿಸಿದರು. ಆಮೇಲೆ ಕೋವಿಡ್ ಬಂತು. ನಮ್ಮ ಫೋನ್‌ನಲ್ಲಿದ್ದ ಒಮಾನ್ ನಂಬರ್‌ಗಳು ಉಡುಪಿ, ಕಾಸರಗೋಡು, ತ್ರಿಶೂರ್ ನಂಬರ್‌ಗಳಾಗುತ್ತಾ ಹೋದವು. ಇನ್ನೂ ನಾಲ್ಕು ಜನ ನಮ್ಮವರು ಅಲ್ಲಿರುವಾಗಲೇ ಹೋಗಿ ನೋಡಿಕೊಂಡು ಬರೋಣ ಅಂತ ನಾನೂ ನನ್ನ ಹೆಂಡತಿಯೂ ಹೊರಟೆವು. ನಿಮಗೂ ಇಂಥ ಆಸೆ ಇದ್ದರೆ ಮುಂದಕ್ಕೆ ಹಾಕಬೇಡಿ.

ಮೊದಲು ತಿಂಗಳು ನೋಡಿಕೊಳ್ಳಬೇಕು. ನಮ್ಮದು ಕೊಡಗಿನ ಅಮ್ಮತ್ತಿ ಕಡೆ ಕಾಫಿ ತೋಟ, ಜಾಸ್ತಿ ರೋಬಸ್ಟಾ. ಕುಯ್ಲು ಶುರುವಾದರೆ ಮನೆ ಬಿಟ್ಟು ಕದಲುವ ಹಾಗಿಲ್ಲ. ಅದರ ಹಿಂದೆಯೇ ಕರಿಮೆಣಸು, ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಅದೆಲ್ಲ ಮುಗಿಯುವಾಗ ಮಸ್ಕತ್‌ನಲ್ಲಿ ಹೊರಗೆ ಕಾಲಿಡಲಾಗದ ಬಿಸಿಲು. ನವೆಂಬರ್ ಎರಡೂ ಕಡೆಗೆ ಹೊಂದುತ್ತದೆ. ಇಲ್ಲಿ ಮಳೆ ನಿಂತಿರುತ್ತದೆ, ರೋಬಸ್ಟಾ ಇನ್ನೂ ಹಣ್ಣಾಗಿರುವುದಿಲ್ಲ, ಅಲ್ಲಿ ಸಂಜೆ ಗಾಳಿ ತಂಪಾಗಿರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವ ಹೊತ್ತಿಗೆ ಮನೆ ಸೇರಬಹುದು. ರಂಜಾನ್ ಯಾವಾಗ ಅಂತಲೂ ನೋಡಿಕೊಳ್ಳಿ. ಅದು ವರ್ಷಕ್ಕೆ ಹತ್ತು ಹನ್ನೊಂದು ದಿನ ಮುಂಚೆ ಬರುತ್ತಾ ಹೋಗುತ್ತದೆ.

ಪ್ರಯಾಣ ಈಗ ಎಷ್ಟೋ ಸುಲಭ. ನಾವಿದ್ದಾಗ ಬೆಂಗಳೂರಿಗೋ ಮಂಗಳೂರಿಗೋ ಹೋಗಿ ವಿಮಾನ ಹತ್ತಬೇಕಿತ್ತು. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಅದೇ ಹತ್ತಿರ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಮಟ್ಟನ್ನೂರು, ವಿಮಾನ ನಿಲ್ದಾಣ ಇರುವುದು ಅಲ್ಲೇ. ಜೋರು ಮಳೆಗಾಲದಲ್ಲಿ ಮಾತ್ರ ಆ ಘಾಟಿಯನ್ನು ನಂಬಬೇಡಿ. ಹಳೆ ರೆಸಿಡೆಂಟ್ ಕಾರ್ಡ್ ಏನೂ ಕೆಲಸಕ್ಕೆ ಬರುವುದಿಲ್ಲ. ಎಲ್ಲರ ಹಾಗೆ ರಾಯಲ್ ಒಮಾನ್ ಪೊಲೀಸ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ಪ್ರವಾಸಿ ವೀಸಾ ಮಾಡಿಸಿಕೊಂಡೆವು.

ಗೆಳೆಯರಿಗೆ ಮುಂಚೆಯೇ ಹೇಳಿದೆವು. ಹೇಳದೆ ಹೋಗಿ ಬಾಗಿಲು ತಟ್ಟುವುದು ಕೇಳಲು ಚೆಂದ. ಆದರೆ ಆ ವಾರ ಅವರೇ ರಜೆಯಲ್ಲಿ ಊರಿಗೆ ಬಂದಿದ್ದರೆ? ವಾಟ್ಸಾಪ್ ಕರೆ ಒಮಾನ್‌ಗೆ ಸರಿಯಾಗಿ ಸಿಗುವುದಿಲ್ಲ, ಅದಕ್ಕೆ ವಾಯ್ಸ್ ಮೆಸೇಜ್ ಕಳಿಸಿದೆವು. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: ನಿಮಗೆ ಯಾವ ದಿನ, ಯಾವ ಹೊತ್ತು ಪುರುಸೊತ್ತು? ಅವರ ಉತ್ತರ ಬಂದ ಮೇಲೆಯೇ ನಮ್ಮ ಓಡಾಟ ಗೊತ್ತು ಮಾಡಿದ್ದು. ದಿನಕ್ಕೆ ಒಂದೇ ಮನೆ. ಎರಡು ಮನೆ ಇಟ್ಟುಕೊಂಡರೆ ಮೊದಲ ಮನೆಯಲ್ಲಿ ಕೂತಲ್ಲೇ ಗಡಿಯಾರ ನೋಡುವ ಹಾಗಾಗುತ್ತದೆ. ನಾವು ಉಳಿದುಕೊಂಡದ್ದು ಮಸ್ಕತ್‌ನ ರುವಿ ಬಡಾವಣೆಯ ಒಂದು ಲಾಡ್ಜ್‌ನಲ್ಲಿ. ಎಲ್ಲರೂ ಮನೆಗೇ ಬನ್ನಿ ಅಂದರು. ಆದರೆ ಎರಡು ರೂಮಿನ ಫ್ಲ್ಯಾಟ್, ಬೆಳಗ್ಗೆ ಎದ್ದು ಡ್ಯೂಟಿಗೆ ಓಡುವವರು. ಅವರಿಗೆ ಹೊರೆಯಾಗಬಾರದು ಅಲ್ವಾ?

ಅಲ್ಲಿಯ ವೇಳೆ ಗೊತ್ತಿದ್ದರೆ ಜನ ಸಿಗುತ್ತಾರೆ. ರುವಿ, ಮತ್ರಾ ಕಡೆಯ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕರ ಮೇಲೆ. ಮತ್ರಾ ಸೂಕ್‌ನಲ್ಲಿ, ಅಂದರೆ ಅಲ್ಲಿಯ ಮಾರುಕಟ್ಟೆಯಲ್ಲಿ, ಬಟ್ಟೆ ಅಂಗಡಿ ನಡೆಸುವ ಕಾಸರಗೋಡಿನ ಗೆಳೆಯನನ್ನು ನೋಡಿದ್ದು ಆ ಹೊತ್ತಿನಲ್ಲೇ. ಶಟರ್ ಅರ್ಧ ಇಳಿಸಿ, ಥಾನುಗಳ ನಡುವೆ ಚಾಪೆ ಹಾಸಿ, ಮೀನು ಪೊರಿಚ್ಚದ್ದು, ಅಂದರೆ ಹುರಿದ ಮೀನು, ತಿನ್ನುತ್ತಾ ನಾಲ್ಕರವರೆಗೂ ಮಾತಾಡಿದೆವು. ಸಂಜೆ ಹೋಗಿದ್ದರೆ ಗಿರಾಕಿಗಳ ಮಧ್ಯೆ ಒಂದು ಚಹಾ ಕುಡಿದು ಏಳಬೇಕಿತ್ತು. ಕೆಲಸಕ್ಕೆ ಹೋಗುವವರಿಗಾದರೆ ಗುರುವಾರ ರಾತ್ರಿ, ಇಲ್ಲವೇ ಶುಕ್ರವಾರ ನಮಾಜ್ ಮುಗಿದ ಮೇಲೆ. ನಮ್ಮ ಕಾಲದಲ್ಲಿ ವಾರದ ರಜೆ ಗುರುವಾರ, ಶುಕ್ರವಾರ ಇತ್ತು. 2013ರಿಂದ ಅದು ಶುಕ್ರವಾರ, ಶನಿವಾರ.

ಮಂಗಳೂರಿನ ಅಕ್ಕ ಒಬ್ಬರು ಅಲ್ಲಿ ನರ್ಸ್. ನಾವಿಬ್ಬರೂ ಕೆಲಸಕ್ಕೆ ಹೋದಾಗ ನಮ್ಮ ಮಗನನ್ನು ಎಷ್ಟೋ ಸಲ ನೋಡಿಕೊಂಡವರು. ಅವರೂ ಇನ್ನು ಸ್ವಲ್ಪ ದಿನದಲ್ಲಿ ಊರಿಗೆ. ಆ ರಾತ್ರಿ ನನ್ನ ಹೆಂಡತಿ ಅವರ ಅಡುಗೆಮನೆಯಿಂದ ಈಚೆಗೆ ಬರಲೇ ಇಲ್ಲ. "ಅವನು ಈಗಾದರೂ ಮುಳ್ಳು ಬಿಡಿಸಿ ಮೀನು ತಿಂತಾನಾ?" ಅಂತ ಅಕ್ಕ ಕೇಳಿದರು. ನನಗೆ ಗಂಟಲು ಕಟ್ಟಿತು. ಈ ಮಾತು ಕೇಳುವವರು ಬೇರೆ ಯಾರಿದ್ದಾರೆ?

ನಾನು ಜಾಸ್ತಿ ಆಸೆಯಿಂದ ಹೋದದ್ದು ಸಮಾಯಿಲ್‌ಗೆ. ಮಸ್ಕತ್‌ನಿಂದ ನಿಜ್ವಾಗೆ ಹೋಗುವ ದಾರಿಯಲ್ಲಿ, ಬೆಟ್ಟಗಳ ನಡುವೆ ಖರ್ಜೂರದ ತೋಟಗಳ ಊರು. ನಮ್ಮ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾಗಿ ಅಲ್ಲಿದ್ದಾರೆ. ನನಗೆ ನಾಲ್ಕು ಅಕ್ಷರ ಅರಬ್ಬಿ ಕಲಿಸಿದವರು ಅವರೇ. ಒಮಾನಿಗಳ ಕ್ಷೇಮ ಸಮಾಚಾರ ಬೇಗ ಮುಗಿಯುವಂಥದ್ದಲ್ಲ. ಆರೋಗ್ಯ, ಮನೆಯವರು, ಊರಿನ ಸುದ್ದಿ, ಮತ್ತೆ ಆರೋಗ್ಯ. ಅವಸರ ಮಾಡಬಾರದು. ಹೆಂಡತಿಯನ್ನು ಹೆಂಗಸರ ಕಡೆಗೆ ಕರೆದುಕೊಂಡು ಹೋದರು. ನಾವು ಮಜ್ಲಿಸ್‌ನಲ್ಲಿ, ಅಂದರೆ ಅತಿಥಿಗಳ ಕೋಣೆಯಲ್ಲಿ, ನೆಲದ ಮೇಲೆ ಕೂತೆವು. ಮೊದಲು ಖರ್ಜೂರ, ಹಲ್ವಾ. ಆಮೇಲೆ ಕಹ್ವಾ, ಅಂದರೆ ಅರಬ್ಬರ ಕಾಫಿ. ಹಿಡಿ ಇಲ್ಲದ ಪುಟ್ಟ ಬಟ್ಟಲಿಗೆ ಒಂದೆರಡು ಗುಟುಕು ಮಾತ್ರ ಹಾಕುತ್ತಾರೆ, ಬಲಗೈಯಲ್ಲಿ ತೆಗೆದುಕೊಳ್ಳಬೇಕು. ಸಾಕಾದಾಗ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಇಲ್ಲದಿದ್ದರೆ ಹಾಕುತ್ತಲೇ ಇರುತ್ತಾರೆ.

ಅವರಿಗೆ ನಮ್ಮ ತೋಟದ ಏಲಕ್ಕಿ, ಕಾಳುಮೆಣಸು ಒಯ್ದಿದ್ದೆ. ಕಹ್ವಾಗೆ ಏಲಕ್ಕಿ ಬೇಕೇ ಬೇಕು. ಅವರು ಒಂದು ಕಾಯಿ ತೆಗೆದು ಉಗುರಲ್ಲಿ ಸಿಪ್ಪೆ ಬಿಡಿಸಿ, ಒಳಗಿನ ಕಪ್ಪು ಬೀಜ ಮೂಸಿ ನೋಡಿ, ಎರಡು ಬೀಜ ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಮೊಮ್ಮಗನ ಕೈಗೆ ಕೊಟ್ಟು, ಈಗಲೇ ಹೊಸದಾಗಿ ಕಹ್ವಾ ಮಾಡಿಸು ಅಂತ ಒಳಗೆ ಕಳಿಸಿದರು. ಮಂಗಳೂರಿನ ಅಕ್ಕನಿಗೆ ಕಾಫಿಪುಡಿ, ಜೇನು ಕೊಟ್ಟಿದ್ದೆವು. ಹಂದಿಮಾಂಸಕ್ಕೆ ಸಂಬಂಧಪಟ್ಟದ್ದು, ಗಸಗಸೆ ಇರುವುದು ಯಾವುದನ್ನೂ ಗಲ್ಫ್‌ಗೆ ಒಯ್ಯಬೇಡಿ.

ಆಮೇಲೆ ತೋಟ ತೋರಿಸಿದರು. ಅಲ್ಲಿ ನೀರು ಫಲಜ್‌ನಿಂದ, ಅಂದರೆ ಬೆಟ್ಟದ ಕಡೆಯಿಂದ ಹರಿದು ಬರುವ ಕಾಲುವೆಯಿಂದ. ಊರಿನವರಿಗೆಲ್ಲ ಪಾಲು ಇದೆ. ಒಂದು ಪಾಲನ್ನು ಅಥರ್ ಅನ್ನುತ್ತಾರೆ, ಅರ್ಧ ಗಂಟೆಯ ನೀರು. ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅದನ್ನು ಅಳೆಯುತ್ತಿದ್ದರು. ಇಂಥ ಐದು ಫಲಜ್‌ಗಳು 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ನಾನು ಒಮಾನ್‌ನಲ್ಲಿದ್ದಷ್ಟು ವರ್ಷವೂ ಈ ಕಾಲುವೆಗಳನ್ನು ಕಾರಿನ ಕಿಟಕಿಯಿಂದ ನೋಡಿದ್ದೆ. ಈಗ ನಾನೂ ತೋಟ ಮಾಡುವವನು. ಕೆರೆ ನೀರು ಬತ್ತುವ ಮೊದಲು ಹೂವಿಗೆ ನೀರು ಕೊಡುವ ನಮ್ಮ ಪರದಾಟ ಹೇಳಿದೆ. ಅವರು ತಮ್ಮ ಸರದಿಯ ಕಥೆ ಹೇಳಿದರು. ಸ್ಟೋರ್‌ನಲ್ಲಿದ್ದಾಗ ನಾವು ಇಷ್ಟು ಮಾತಾಡಿದ್ದೇ ಇಲ್ಲ. ಹಳೆ ಗೆಳೆತನಕ್ಕೆ ಇಷ್ಟೊಂದು ಹೊಸ ಮಾತು ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಅವರ ಮಗ ಕುಟುಂಬ ಸಮೇತ ಕೊಡಗಿಗೆ ಬರುತ್ತಾನಂತೆ. ಮಳೆ ನೋಡಲು ಒಮಾನ್‌ನ ದಕ್ಷಿಣದ ಸಲಾಲಾಗೆ ಹೋಗುವ ಜನ ಅವರು, ಜುಲೈನಲ್ಲೇ ಬರುತ್ತೇವೆ ಅಂದ. ಜುಲೈ, ಆಗಸ್ಟ್ ಬೇಡ, ಗುಡ್ಡ ಜರಿಯುವ ಕಾಲ ಅಂದೆ. ಸೆಪ್ಟೆಂಬರ್ ಕೊನೆಗೆ ಬಂದರೆ ಮಳೆಯೂ ಇರುತ್ತದೆ, ಮಕ್ಕಳನ್ನು ತೋಟದಲ್ಲಿ ಓಡಾಡಿಸಲೂ ಆಗುತ್ತದೆ. ಹಿರಿಯರೂ ಬರಬೇಕು ಅಂತ ಅವರ ಮಂಡಿ ನೋವಿಗೆ ಕೆಳಗಿನ ಕೋಣೆಯನ್ನೇ ಸರಿಮಾಡಿಸುತ್ತಿದ್ದೇವೆ.